ತಾಯಿಯ ನೆಲದ ಋಣ

ಮನುಷ್ಯನು ತಾನು ಆರಿಸಿಕೊಳ್ಳದೆ ಹುಟ್ಟಿನೊಡನೆಯೇ ಪಡೆದ ಸಂಬಂಧಗಳು ಅವನನ್ನು ಎಷ್ಟರ ಮಟ್ಟಿಗೆ ಕಟ್ಟುತ್ತವೆ, ಆ ಕಟ್ಟಿಗೆ ಧರ್ಮದ ಬಲವಿದೆಯೋ ಅಥವಾ ಅದು ಬರಿಯ ಆಕಸ್ಮಿಕವೋ ಎಂಬ ಪ್ರಶ್ನೆಯನ್ನು ವೈದಿಕ ಪರಂಪರೆಯ ಋಣಚಿಂತನೆಯೂ ಗ್ರೀಕರ ನಗರಚಿಂತನೆಯೂ ಬೇರೆ ಬೇರೆ ದಾರಿಗಳಿಂದ ಎದುರಿಸಿವೆ. ಇಂದಿನ ಕಾಲದಲ್ಲಿ ಆ ಪ್ರಶ್ನೆ ನಿಚ್ಚಳವಾಗಿ ಕಾಣಿಸಿಕೊಳ್ಳುವ ಜಾಗಗಳಲ್ಲಿ ಒಲಿಂಪಿಕ್ ಕ್ರೀಡಾಂಗಣವೂ ಒಂದು. ನಿರಾಶ್ರಿತರ ತಂಡದಂಥ ಕೆಲವು ಅಪವಾದಗಳನ್ನು ಬಿಟ್ಟರೆ ಅಲ್ಲಿಗೆ ಬರುವ ಪ್ರತಿಯೊಬ್ಬರೂ ಒಂದು ನೆಲದ ಹೆಸರನ್ನು ಎದೆಯ ಮೇಲೆ ಹೊತ್ತೇ ಬರಬೇಕು. ಹುಟ್ಟಿದ ನೆಲ ಒಂದು, ಹಿರಿಯರ ನೆಲ ಇನ್ನೊಂದು ಆಗಿರುವವರಿಗೆ ಆ ಹೆಸರು ತಾನಾಗಿ ಬರುವುದಿಲ್ಲ, ಅದನ್ನು ಕುರಿತು ಒಂದು ನಿರ್ಧಾರ ಮಾಡಬೇಕಾಗುತ್ತದೆ, ಮಾಡಿದ ನಿರ್ಧಾರಕ್ಕೆ ಸಮರ್ಥನೆಯನ್ನೂ ಕೊಡಬೇಕಾಗುತ್ತದೆ.

ಈ ವಿಚಾರಕ್ಕೆ ಜಾಸ್ಮಿನ್ ಕಮಾಚೊ-ಕ್ವಿನ್ ಅವರಷ್ಟು ಒದಗಿಬರುವ ಉದಾಹರಣೆ ವಿರಳ. ಆಕೆ 1996ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಸೌತ್ ಕ್ಯಾರೊಲೈನಾ ರಾಜ್ಯದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದವರು. ತಂದೆ ಆಫ್ರಿಕನ್ ಅಮೆರಿಕನ್ ಸಮುದಾಯದವರು, ತಾಯಿ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದವರು. ಆಕೆ ಓದಿದ್ದೂ ಓಟದಲ್ಲಿ ಪಳಗಿದ್ದೂ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ. ಆದರೆ ಒಲಿಂಪಿಕ್ಸ್‌ಗೆ ಬಂದಾಗಲೆಲ್ಲ ಆಕೆ ಓಡಿದ್ದು ತಾಯಿಯ ದ್ವೀಪಕ್ಕಾಗಿ. ಮಹಿಳೆಯರ 100 ಮೀಟರ್ ಹರ್ಡಲ್ಸ್ ಓಟದಲ್ಲಿ 83.8 ಸೆಂಟಿಮೀಟರ್ ಎತ್ತರದ ಹತ್ತು ಹರ್ಡಲ್‌ಗಳು ಎದುರಾಗುತ್ತವೆ. ಒಂದರಿಂದ ಇನ್ನೊಂದಕ್ಕೆ ಇರುವ 8.5 ಮೀಟರ್ ಅಂತರವನ್ನು ಮೂರೇ ಹೆಜ್ಜೆಗಳಲ್ಲಿ ಕ್ರಮಿಸಬೇಕಾದ್ದರಿಂದ ಒಂದು ಹರ್ಡಲ್‌ಗೆ ಕಾಲು ತಗುಲಿ ಲಯ ತಪ್ಪಿದರೆ ಅದನ್ನು ಮತ್ತೆ ಹಿಡಿಯಲು ಸಮಯವೇ ಇರುವುದಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಆಕೆಗೆ ಆದದ್ದು ಅದೇ. ಕೊನೆಯ ಹಂತದಲ್ಲಿ ಹರ್ಡಲ್ ತಗುಲಿ ಮುಗ್ಗರಿಸಿ ಅನರ್ಹರಾದರು. ಐದು ವರ್ಷಗಳ ಬಳಿಕ ಟೋಕಿಯೊದಲ್ಲಿ ಸೆಮಿಫೈನಲ್ ಅನ್ನು 12.26 ಸೆಕೆಂಡುಗಳಲ್ಲಿ ಮುಗಿಸಿ ಒಲಿಂಪಿಕ್ ದಾಖಲೆ ಬರೆದು, ಮರುದಿನ, 2021ರ ಆಗಸ್ಟ್ 2ರಂದು, ಫೈನಲ್‌ನಲ್ಲಿ 12.37 ಸೆಕೆಂಡುಗಳಲ್ಲಿ ಚಿನ್ನ ಗೆದ್ದರು. ಅದು ಪೋರ್ಟೊ ರಿಕೊಗೆ ಅಥ್ಲೆಟಿಕ್ಸ್‌ನಲ್ಲಿ ದೊರೆತ ಮೊದಲ ಚಿನ್ನ. ಒಟ್ಟಾರೆ ಎರಡನೆಯದು, ಮೊದಲನೆಯದು 2016ರಲ್ಲಿ ಟೆನಿಸ್ ಆಟಗಾರ್ತಿ ಮೋನಿಕಾ ಪ್ವಿಗ್ ಗೆದ್ದದ್ದು. 2024ರ ಪ್ಯಾರಿಸ್‌ನಲ್ಲಿ ಆಕೆಗೆ ಕಂಚು ಬಂತು.

ಪೋರ್ಟೊ ರಿಕೊದ ಸ್ಥಿತಿಯನ್ನು ಅರಿಯದೆ ಆಕೆಯ ನಿರ್ಧಾರದ ತೂಕ ತಿಳಿಯುವುದಿಲ್ಲ. 1898ರ ಯುದ್ಧದ ಬಳಿಕ ಈ ದ್ವೀಪ ಸ್ಪೇನ್‌ನ ಕೈಯಿಂದ ಅಮೆರಿಕದ ವಶಕ್ಕೆ ಬಂತು. 1901ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಡೌನ್ಸ್ ಮತ್ತು ಬಿಡ್ವೆಲ್ ಮೊಕದ್ದಮೆಯಲ್ಲಿ ದ್ವೀಪವು ಅಮೆರಿಕಕ್ಕೆ ಸೇರಿದ್ದಾದರೂ ಅಮೆರಿಕದ ಭಾಗವಲ್ಲ ಎಂಬರ್ಥದ ನಿಲುವು ತಳೆಯಿತು. ಹೊರಗಿನವರ ಕಣ್ಣಿಗೆ ಮನೆಯದು, ಮನೆಯವರ ಕಣ್ಣಿಗೆ ಹೊರಗಿನದು ಎಂಬಂಥ ಈ ವಿಚಿತ್ರ ಸ್ಥಾನದಿಂದ ದ್ವೀಪ ಇಂದಿಗೂ ಪೂರ್ತಿ ಬಿಡುಗಡೆ ಪಡೆದಿಲ್ಲ. 1917ರ ಜೋನ್ಸ್ ಕಾಯಿದೆಯ ಪ್ರಕಾರ ದ್ವೀಪವಾಸಿಗಳು ಅಮೆರಿಕದ ಪೌರರಾದರು. ಆದರೆ ದ್ವೀಪದಲ್ಲಿ ನೆಲೆಸಿರುವ ತನಕ ಅವರಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ, ಅವರೇ ಫ್ಲಾರಿಡಾಕ್ಕೆ ಹೋಗಿ ನೆಲೆಸಿದರೆ ಮತವುಂಟು. ಪೋರ್ಟೊ ರಿಕೊ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ತನ್ನದೇ ತಂಡವನ್ನು ಮೊದಲ ಬಾರಿಗೆ ಕಳುಹಿಸಿತು, ಮುಷ್ಟಿಯುದ್ಧದಲ್ಲಿ ಒಂದು ಕಂಚನ್ನೂ ಗೆದ್ದಿತು. ಅದೇ ವರ್ಷ ದ್ವೀಪದಲ್ಲಿ ಜಾರಿಯಾದ, ಜನರ ಬಾಯಲ್ಲಿ ಬಾಯಿಕಟ್ಟು ಕಾಯಿದೆ ಎಂದೇ ಹೆಸರಾದ ಶಾಸನವನ್ನು ಸ್ವಾತಂತ್ರ್ಯವಾದಿಗಳ ಮೇಲೆ ಎಷ್ಟು ಕಠೋರವಾಗಿ ಬಳಸಲಾಯಿತೆಂದರೆ, ದ್ವೀಪದ ಬಾವುಟವನ್ನು ಹೊರಗೆ ಕಾಣುವಂತೆ ಇಟ್ಟುಕೊಳ್ಳುವುದೇ ಅಪರಾಧವಾಯಿತು. 1952ರ ಸಂವಿಧಾನದೊಡನೆ ಆ ಬಾವುಟಕ್ಕೆ ಅಧಿಕೃತ ಮನ್ನಣೆ ದೊರೆಯಿತು, ಕಾಯಿದೆ 1957ರಲ್ಲಿ ರದ್ದಾಯಿತು. ವಿಶ್ವಸಂಸ್ಥೆಯಲ್ಲಿ ಸದಸ್ಯತ್ವವಿಲ್ಲದ, ರಾಯಭಾರಿಗಳಿಲ್ಲದ, ಸೇನೆಯಿಲ್ಲದ ಈ ಜನಕ್ಕೆ ತಾವೊಂದು ರಾಷ್ಟ್ರವೆಂದು ಜಗತ್ತಿನೆದುರು ನಿಲ್ಲಲು ದೊರೆಯುವ ಅತಿದೊಡ್ಡ ವೇದಿಕೆ ಒಲಿಂಪಿಕ್ಸ್. 2004ರಲ್ಲಿ ಅಥೆನ್ಸ್‌ನಲ್ಲಿ ದ್ವೀಪದ ಬ್ಯಾಸ್ಕೆಟ್‌ಬಾಲ್ ತಂಡ ಅಮೆರಿಕವನ್ನು 92-73ರಿಂದ ಸೋಲಿಸಿದ ದಿನ ಅಲ್ಲಿಯ ಜನ ಪಟ್ಟ ಸಂಭ್ರಮವನ್ನು ಆಟದ ಗೆಲುವೆಂದಷ್ಟೇ ಬಗೆಯುವಂತಿಲ್ಲ.

ಈ ಹಿನ್ನೆಲೆಯಲ್ಲಿ ಕಮಾಚೊ-ಕ್ವಿನ್ ಅವರ ಪ್ರಸಂಗ ತತ್ತ್ವಜಿಜ್ಞಾಸೆಗೆ ಒಂದು ಅಪರೂಪದ ಅನುಕೂಲವನ್ನು ಒದಗಿಸುತ್ತದೆ. ಒಲಿಂಪಿಕ್ ಸನ್ನದು, ಅಂದರೆ ಕ್ರೀಡಾಕೂಟವನ್ನು ಆಳುವ ಮೂಲ ನಿಯಮಾವಳಿ, ತನ್ನ 41ನೆಯ ನಿಯಮದಲ್ಲಿ ಕ್ರೀಡಾಪಟು ತಾನು ಪ್ರತಿನಿಧಿಸುವ ದೇಶದ ಪೌರನಾಗಿರಬೇಕೆಂದು ವಿಧಿಸುತ್ತದೆ. ಹಾಗಾಗಿ ಹಿರಿಯರ ನಾಡಿಗಾಗಿ ಆಡಬಯಸುವ ಬೇರೆಯವರ ವಿಷಯದಲ್ಲಿ ಪ್ರಶ್ನೆಯು ಬಹುಪಾಲು ಪಾಸ್‌ಪೋರ್ಟಿನ ಪ್ರಶ್ನೆಯಾಗಿ ಮುಗಿದುಬಿಡುತ್ತದೆ. ಪೋರ್ಟೊ ರಿಕೊಗೆ ಪ್ರತ್ಯೇಕ ಪಾಸ್‌ಪೋರ್ಟೇ ಇಲ್ಲ. ಆಕೆ ಅಮೆರಿಕಕ್ಕಾಗಿ ಓಡಿದರೂ ದ್ವೀಪಕ್ಕಾಗಿ ಓಡಿದರೂ ಕೈಯಲ್ಲಿರುವ ಪಾಸ್‌ಪೋರ್ಟ್ ಒಂದೇ. ಕಾನೂನಿನ ಪೌರತ್ವವೆಂಬ ಹೊದಿಕೆ ಹೀಗೆ ಸರಿದಾಗ ಉಳಿಯುವುದೇನು? ತಾಯಿಯ ಮೂಲ, ಮಗಳ ಮನಸ್ಸು, ದ್ವೀಪದ ಜನರ ಒಪ್ಪಿಗೆ. ಒಂದು ನೆಲಕ್ಕೆ ಸೇರಿದವರಾಗುವುದೆಂದರೆ ಏನೆಂಬ ಪ್ರಶ್ನೆಯನ್ನು ಈ ಮೂರರ ನಡುವೆಯೇ ಬಗೆಹರಿಸಬೇಕಾಗುತ್ತದೆ.

ರಕ್ತವೇ ಉತ್ತರವೆಂದು ಹೇಳುವವರಿದ್ದಾರೆ. ಆದರೆ ರಕ್ತವೆಂಬುದು ಒಂದೇ ದಿಕ್ಕಿಗೆ ಕೈತೋರುವುದಿಲ್ಲ. ಪ್ರತಿ ತಲೆಮಾರಿಗೂ ಪೂರ್ವಜರ ಸಂಖ್ಯೆ ಇಮ್ಮಡಿಯಾಗುತ್ತದೆ. ಹತ್ತು ತಲೆಮಾರು ಹಿಂದೆ ಸರಿದರೆ ವಂಶವೃಕ್ಷದಲ್ಲಿ ಸಾವಿರದ ಇಪ್ಪತ್ತನಾಲ್ಕು ಸ್ಥಾನಗಳಿರುತ್ತವೆ. ಆಕೆಯ ತಂದೆಯ ಕಡೆಯ ಹಿರಿಯರ ಕಥೆಯನ್ನು ಹಿಡಿದು ಹೊರಟರೆ ಅದು ಸೌತ್ ಕ್ಯಾರೊಲೈನಾದಲ್ಲಿ ನಿಲ್ಲದೆ ಗುಲಾಮರ ಹಡಗುಗಳನ್ನು ದಾಟಿ ಆಫ್ರಿಕಾಕ್ಕೆ ಹೋಗುತ್ತದೆ. ತಾಯಿಯ ದ್ವೀಪವಾದರೂ ಒಂದೇ ಬೇರಿನದಲ್ಲ. ಅಲ್ಲಿಯ ಮೂಲನಿವಾಸಿಗಳಾದ ತೈನೊ ಜನ, ವಲಸೆ ಬಂದ ಸ್ಪೇನಿನವರು, ಸೆರೆಹಿಡಿದು ತಂದ ಆಫ್ರಿಕನ್ನರು ಈ ಮೂವರೂ ಆ ಸಂಸ್ಕೃತಿಯ ಮೂಲಪುರುಷರೆಂದು ದ್ವೀಪವೇ ಹೇಳಿಕೊಳ್ಳುತ್ತದೆ. ಹಿರಿಯರ ನಾಡು ಎಂಬ ಮಾತು ಅನೇಕ ಹಿರಿಯರ ನಡುವೆ ಒಬ್ಬರನ್ನು, ಅನೇಕ ಕಾಲಗಳ ನಡುವೆ ಒಂದನ್ನು ಎತ್ತಿ ಹಿಡಿದ ಮೇಲೆಯೇ ಅರ್ಥ ಪಡೆಯುತ್ತದೆ. ಎತ್ತಿ ಹಿಡಿಯುವ ಕೆಲಸವನ್ನು ರಕ್ತ ಮಾಡಲಾರದು, ಮನುಷ್ಯರು ಮಾಡಬೇಕು.

ಹಾಗಾದರೆ ಸಾಕಿ ಬೆಳೆಸಿದ ನೆಲಕ್ಕೆ ಹೆಚ್ಚಿನ ಹಕ್ಕಿರಬೇಕಲ್ಲವೇ? ಪ್ಲೇಟೋವಿನ ಕ್ರೀಟೊ ಸಂವಾದದಲ್ಲಿ ಮರಣದಂಡನೆಗೆ ಗುರಿಯಾದ ಸಾಕ್ರಟೀಸನು ಸೆರೆಯಿಂದ ಪಾರಾಗಲು ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ಕೊಡುವ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಅಥೆನ್ಸಿನ ಶಾಸನಗಳೇ ಎದುರು ಬಂದು ನಿಂತು, ನಿನ್ನ ತಂದೆತಾಯಿಯರ ಮದುವೆ ನಡೆದದ್ದು ನಮ್ಮಿಂದ, ನೀನು ವಿದ್ಯೆ ಕಲಿತದ್ದು ನಮ್ಮಿಂದ, ಮನಸ್ಸಿಲ್ಲದಿದ್ದರೆ ಬಿಟ್ಟು ಹೋಗಬಹುದಾಗಿದ್ದರೂ ನೀನು ಇಲ್ಲಿಯೇ ಉಳಿದೆ ಎಂಬ ಅರ್ಥದಲ್ಲಿ ವಾದಿಸುವುದಾಗಿ ಅವನು ಕಲ್ಪಿಸಿಕೊಳ್ಳುತ್ತಾನೆ. ಹುಟ್ಟು, ಪೋಷಣೆ, ಸಮ್ಮತಿ ಎಂಬ ಮೂರು ಎಳೆಗಳು ಅವನ ಬದುಕಿನಲ್ಲಿ ಒಂದೇ ಊರಿಗೆ ಗಂಟುಬಿದ್ದಿದ್ದವು. ಆದ್ದರಿಂದ ಯಾವ ಎಳೆ ಎಷ್ಟು ಭಾರ ಹೊರುತ್ತದೆಂದು ಅವನು ಬಿಡಿಸಿ ನೋಡುವ ಸಂದರ್ಭ ಬರಲಿಲ್ಲ. ಕಮಾಚೊ-ಕ್ವಿನ್ ಅವರಂಥವರ ಬದುಕಿನಲ್ಲಿ ಆ ಎಳೆಗಳು ಬೇರೆ ಬೇರೆ ಕಡೆಗೆ ಎಳೆಯುತ್ತವೆ. ಆಕೆಯ ಓಟದ ಪ್ರತಿ ಹೆಜ್ಜೆಯನ್ನೂ ತಿದ್ದಿದ್ದು ಅಮೆರಿಕದ ಮೈದಾನಗಳು. ಪೋಷಣೆ ಋಣವನ್ನು ಹುಟ್ಟಿಸುತ್ತದೆ ಎಂಬುದು ನಿಜವಾದರೆ ಆಕೆ ಅಮೆರಿಕಕ್ಕೂ ಋಣಿಯೇ, ಮತ್ತು ಅದನ್ನು ಅಲ್ಲಗಳೆಯುವ ಅಗತ್ಯ ಯಾರಿಗೂ ಇಲ್ಲ. ಒಂದು ಋಣ ಇನ್ನೊಂದನ್ನು ಅಳಿಸುವುದಿಲ್ಲ.

ಆಧುನಿಕರು ಸಾಮಾನ್ಯವಾಗಿ ಮೂರನೆಯ ಎಳೆಯನ್ನು, ಎಂದರೆ ಸಮ್ಮತಿಯನ್ನು, ಹಿಡಿಯುತ್ತಾರೆ. ಫ್ರೆಂಚ್ ಚಿಂತಕ ಅರ್ನೆಸ್ಟ್ ರೆನಾನ್ 1882ರಲ್ಲಿ ಪ್ಯಾರಿಸ್‌ನ ಸಾರ್ಬಾನ್‌ನಲ್ಲಿ ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಜನಾಂಗ, ಭಾಷೆ, ಮತ, ಭೂಗೋಳ ಇವು ಯಾವುವೂ ರಾಷ್ಟ್ರವನ್ನು ಕಟ್ಟಲಾರವೆಂದು ವಾದಿಸಿ, ಒಟ್ಟಿಗೆ ಬಾಳುವ ಇಚ್ಛೆಯನ್ನು ಜನ ದಿನದಿನವೂ ಹೊಸದಾಗಿ ಒಪ್ಪುತ್ತ ಹೋಗುವುದೇ ರಾಷ್ಟ್ರದ ಜೀವವೆಂದು ಹೇಳಿದನು. ಅವನನ್ನು ಉದ್ಧರಿಸುವವರು ಹಲವೊಮ್ಮೆ ಮರೆಯುವ ಇನ್ನೊಂದು ಅರ್ಧವಿದೆ: ಇಚ್ಛೆಯ ಜೊತೆಗೆ ಹಂಚಿಕೊಂಡ ನೆನಪೂ ಬೇಕು, ಅದರಲ್ಲೂ ಗೆಲುವಿನ ನೆನಪಿಗಿಂತ ಕಷ್ಟದ ನೆನಪು ಜನರನ್ನು ಹೆಚ್ಚು ಬಿಗಿಯಾಗಿ ಕೂಡಿಸುತ್ತದೆ ಎಂದೂ ಅವನು ಹೇಳಿದ್ದಾನೆ. ಬರಿಯ ಇಚ್ಛೆಯೇ ಸಾಕಾಗಿದ್ದರೆ ಒಬ್ಬ ಓಟಗಾರ್ತಿ ಭೂಪಟದ ಯಾವ ದೇಶವನ್ನಾದರೂ ಆರಿಸಿಕೊಳ್ಳಬಹುದಾಗಿತ್ತು. ಹಾಗೆ ಆರಿಸಿಕೊಂಡವರನ್ನು ನೋಡಿದಾಗ ಜನರಿಗೆ ಏನೋ ಕೊರತೆಯಿದೆ ಎನ್ನಿಸುವುದು ಬರಿಯ ಸಂಕುಚಿತತೆಯಿಂದಲ್ಲ. ಆಯ್ಕೆಗೆ ಮೊದಲೇ ಒಂದು ಕರೆ ಇರಬೇಕೆಂಬ ಅರಿವು ಅದರ ಹಿಂದಿದೆ.

ಆ ಕರೆ ಎಂಥದೆಂಬುದನ್ನು ವೈದಿಕ ಸಾಹಿತ್ಯದ ಋಣಕಲ್ಪನೆ ಬೇರೆಲ್ಲಕ್ಕಿಂತ ಚೆನ್ನಾಗಿ ವಿವರಿಸುತ್ತದೆ. ತೈತ್ತಿರೀಯ ಸಂಹಿತೆಯ ಪ್ರಕಾರ ಬ್ರಾಹ್ಮಣನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಎಂದು ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆ. ಶತಪಥ ಬ್ರಾಹ್ಮಣವು ಅದನ್ನು ಇರುವವರೆಲ್ಲರಿಗೂ ವಿಸ್ತರಿಸಿ, ಸಹಮಾನವರಿಗೆ ಸಲ್ಲಿಸಬೇಕಾದ ನಾಲ್ಕನೆಯ ಋಣವೊಂದನ್ನು ಸೇರಿಸುತ್ತದೆ. ಈ ಋಣ ಸಾಲಪತ್ರಕ್ಕೆ ರುಜು ಹಾಕಿ ತಂದದ್ದಲ್ಲ, ಆದ್ದರಿಂದ ಅದು ಒಪ್ಪಂದವಲ್ಲ. ಅದಕ್ಕಿಂತ ಗಮನಿಸಬೇಕಾದದ್ದೆಂದರೆ, ಪಿತೃಋಣವನ್ನು ತೀರಿಸುವುದು ಪಿತೃಗಳಿಗೆ ಏನನ್ನೋ ಹಿಂದಕ್ಕೆ ಕೊಡುವುದರಿಂದಲ್ಲ, ಸಂತಾನದಿಂದ, ಅಂದರೆ ಪಡೆದದ್ದನ್ನು ಮುಂದಿನವರಿಗೆ ದಾಟಿಸುವುದರಿಂದ. ಹಿಂದಿನವರಿಂದ ಬಂದದ್ದು ಮುಂದಿನವರಿಗೆ ಸಲ್ಲುತ್ತದೆ, ಕೊಟ್ಟವನಿಗೆ ಮರಳುವುದಿಲ್ಲ. ತಾಯಿಯ ದ್ವೀಪಕ್ಕಾಗಿ ಓಡುವ ಮಗಳು ದ್ವೀಪದ ಗತಕಾಲಕ್ಕೆ ಏನನ್ನೂ ಸಂದಾಯ ಮಾಡುವುದಿಲ್ಲ. ಆಕೆಯ ಓಟ ಸಲ್ಲುವುದು ದ್ವೀಪದಲ್ಲಿ ಈಗ ಓಡಲು ಕಲಿಯುತ್ತಿರುವ ಮಕ್ಕಳಿಗೆ. ಈ ದೃಷ್ಟಿಯಿಂದ ನೋಡಿದರೆ ವಂಶವೆಂಬುದು ಹಿಂದಕ್ಕೆ ಮುಖ ಮಾಡಿದ ಹೆಮ್ಮೆಯಾಗಿ ಉಳಿಯದೆ, ಮುಂದಕ್ಕೆ ಮುಖ ಮಾಡಿದ ಹೊಣೆಯಾಗುತ್ತದೆ.

ಆದರೂ ಈ ಪರಂಪರೆಯನ್ನು ಎಚ್ಚರವಿಲ್ಲದೆ ಎತ್ತಿಕೊಳ್ಳುವುದು ಅನ್ಯಾಯವಾದೀತು. ಹುಟ್ಟಿನಿಂದಲೇ ಹೊಣೆ ಬರುತ್ತದೆಂಬ ಮಾತು ಈ ನೆಲದಲ್ಲಿ ಹುಟ್ಟಿನಿಂದಲೇ ಯೋಗ್ಯತೆ ಬರುತ್ತದೆಂಬ ಮಾತಾಗಿ ಮಾರ್ಪಟ್ಟು ಕೋಟ್ಯಂತರ ಜನರ ಬದುಕನ್ನು ಕುಗ್ಗಿಸಿತು. 12ನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಕುಲದ ಪ್ರಶ್ನೆಯನ್ನೇ ನಿರಾಕರಿಸಿ ದೀಕ್ಷೆ ಮತ್ತು ಕಾಯಕಗಳ ಮೇಲೆ ಹೊಸ ಬಳಗವೊಂದನ್ನು ಕಟ್ಟಬೇಕಾಗಿ ಬಂದದ್ದು ಇದರಿಂದಲೇ. ಋಣವು ಯಾವ ಹಂತದಲ್ಲಿ ಬೇಲಿಯಾಗುತ್ತದೆ ಎಂಬುದನ್ನು ಮಹಾಭಾರತದ ಕರ್ಣನ ಕಥೆಯ ಎರಡು ಸನ್ನಿವೇಶಗಳು ತೋರಿಸಿಕೊಡುತ್ತವೆ. ಹತ್ತನೆಯ ಶತಮಾನದಲ್ಲಿ ಪಂಪನು ಅರ್ಜುನನನ್ನು ನಾಯಕನನ್ನಾಗಿಸಿ ಕಾವ್ಯ ಬರೆದರೂ ಅವನ ಮನಸ್ಸು ಕರ್ಣನ ಕಡೆಗೆ ಅಷ್ಟೊಂದು ಹರಿದದ್ದು ಸುಮ್ಮನೆ ಅಲ್ಲ. ಮೊದಲನೆಯ ಸನ್ನಿವೇಶ ಆದಿಪರ್ವದ್ದು. ರಾಜಕುಮಾರರ ಅಸ್ತ್ರಪ್ರದರ್ಶನದ ರಂಗಭೂಮಿಯಲ್ಲಿ ಅರ್ಜುನನಿಗೆ ಸವಾಲಾಗಿ ನಿಂತ ಕರ್ಣನನ್ನು ಕೃಪಾಚಾರ್ಯನು ನಿನ್ನ ಕುಲ ಯಾವುದು, ತಂದೆತಾಯಿ ಯಾರು ಎಂದು ಕೇಳುತ್ತಾನೆ. ಕರ್ಣನ ತಲೆ ತಗ್ಗುತ್ತದೆ. ದುರ್ಯೋಧನನು ಅಲ್ಲಿಯೇ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟಿ ಸ್ಪರ್ಧೆಗೆ ಅರ್ಹನನ್ನಾಗಿಸುತ್ತಾನೆ. ಸ್ಪರ್ಧಿಯ ಅರ್ಹತೆಯನ್ನು ನಾಡಿನ ಹೆಸರಿನಿಂದ ನಿರ್ಧರಿಸುವ ಪದ್ಧತಿಯ ಅನ್ಯಾಯವೂ, ಆ ಅನ್ಯಾಯಕ್ಕೆ ನಾಡೊಂದನ್ನು ದಯಪಾಲಿಸಿ ಹುಡುಕಿಕೊಂಡ ಪರಿಹಾರವೂ ಇಲ್ಲಿ ಒಟ್ಟಿಗೇ ಇವೆ.

ಎರಡನೆಯದು ಉದ್ಯೋಗಪರ್ವದ್ದು. ಯುದ್ಧ ಹತ್ತಿರವಾದಾಗ ಕೃಷ್ಣನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಅವನ ಹುಟ್ಟಿನ ಸತ್ಯವನ್ನು ಮುಂದಿಟ್ಟು, ಕಾನೀನನು, ಎಂದರೆ ಮದುವೆಗೆ ಮೊದಲೇ ಹುಟ್ಟಿದ ಮಗನು, ಧರ್ಮಶಾಸ್ತ್ರದ ಪ್ರಕಾರ ತಾಯಿಯನ್ನು ಮದುವೆಯಾದವನಿಗೇ ಸೇರುವುದರಿಂದ ನೀನು ಪಾಂಡುವಿನ ಹಿರಿಯ ಮಗ, ರಾಜ್ಯ ನಿನ್ನದು ಎಂದು ವಾದಿಸುತ್ತಾನೆ. ಕರ್ಣನು ಆ ಸತ್ಯವನ್ನು ಅಲ್ಲಗಳೆಯುವುದಿಲ್ಲ, ಅದು ತನಗೆ ತಿಳಿದದ್ದೇ ಎನ್ನುತ್ತಾನೆ. ಆದರೆ ತನ್ನನ್ನು ಕಂಡೊಡನೆ ರಾಧೆಯ ಎದೆಯಲ್ಲಿ ಹಾಲುಕ್ಕಿತೆಂಬುದನ್ನೂ, ಅಧಿರಥನು ತನಗೆ ಹೆಸರಿಟ್ಟು ಸಂಸ್ಕಾರಗಳನ್ನು ಮಾಡಿಸಿದನೆಂಬುದನ್ನೂ ನೆನೆದು ಸೂತರ ಬಳಗವನ್ನು ಬಿಡಲೊಪ್ಪುವುದಿಲ್ಲ. ಕುಲದ ವಿಷಯ ಎರಡೂ ಕಡೆ ಒಂದೇ. ಆದಿಪರ್ವದಲ್ಲಿ ಅದು ಹೊರಗಿನಿಂದ ಬಂದ ತನಿಖೆ, ಉದ್ಯೋಗಪರ್ವದಲ್ಲಿ ಒಳಗಿನಿಂದ ಮೂಡಿದ ನಿರ್ಧಾರ. ಕರ್ಣನು ಹೆತ್ತವಳ ವಂಶವನ್ನು ಬಿಟ್ಟು ಸಾಕಿದವಳ ಕಡೆ ನಿಂತನು, ಕಮಾಚೊ-ಕ್ವಿನ್ ಸಾಕಿದ ನೆಲವನ್ನು ಬದಿಗಿಟ್ಟು ಹೆತ್ತವಳ ನೆಲದ ಕಡೆ ನಿಂತರು. ಉತ್ತರಗಳು ಎದುರುಬದುರಾದರೂ ಎರಡರಲ್ಲಿಯೂ ಋಣವನ್ನು ಗುರುತಿಸಿದವರು ಋಣ ಹೊತ್ತವರೇ. ವಂಶವನ್ನು ಒಬ್ಬರು ತಮ್ಮ ಹೊಣೆಯೆಂದು ಒಪ್ಪಿಕೊಳ್ಳಬಹುದು. ಅದನ್ನು ಇನ್ನೊಬ್ಬರು ಪ್ರಮಾಣಪತ್ರವಾಗಿ ಕೇಳುವಂತಿಲ್ಲ. ಟೋಕಿಯೊದ ಆ ಫೈನಲ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕದ ಕೆಂಡ್ರಾ ಹ್ಯಾರಿಸನ್ ಅದೇ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಪಳಗಿದವರು, ದತ್ತುಮಗಳಾಗಿ ಬೆಳೆದವರು. ಸೇರಿದವರಾಗುವ ಎರಡು ಬಗೆಗಳು ಒಂದೇ ಓಟದಲ್ಲಿ ಅಕ್ಕಪಕ್ಕ ಓಡಿದವು. ಒಂದು ಇನ್ನೊಂದಕ್ಕಿಂತ ಕಡಿಮೆ ನಿಜವೆಂದು ಹೇಳಲು ಆಧಾರವಿಲ್ಲ.

ಕೃಪನ ಪ್ರಶ್ನೆ ಕಮಾಚೊ-ಕ್ವಿನ್ ಅವರಿಗೂ ಎದುರಾಯಿತು. ದ್ವೀಪದಲ್ಲಿ ಹುಟ್ಟಿದವರಲ್ಲ, ಸ್ಪ್ಯಾನಿಷ್ ಸರಾಗವಾಗಿ ಬರುವುದಿಲ್ಲ, ಹೀಗಿರುವಾಗ ಆಕೆ ಪೋರ್ಟೊ ರಿಕೊದವರು ಹೇಗಾದಾರು ಎಂದು ಕೆಲವರು ಸಾರ್ವಜನಿಕವಾಗಿಯೇ ಕೇಳಿದರು. ಭಾಷೆಯ ಕೊರತೆ ನಿಜವಾದ ಕೊರತೆಯೇ. ಪರಭಾಷೆಯ ಆಳ್ವಿಕೆಯ ನಡುವೆ ಶತಮಾನಕ್ಕೂ ಹೆಚ್ಚು ಕಾಲ ತಮ್ಮ ಭಾಷೆಯನ್ನು ಉಳಿಸಿಕೊಂಡ ಜನಕ್ಕೆ ಅದು ನೋವು ತರುವುದು ಸಹಜ, ಮಕ್ಕಳು ಹೊರದೇಶದಲ್ಲಿ ಕನ್ನಡ ಮರೆತ ಮನೆಗಳಿಗೂ ಆ ನೋವು ತಿಳಿಯದ್ದಲ್ಲ. ಆದರೆ ವಲಸೆಯಿಂದಾಗಿ ದ್ವೀಪದಲ್ಲಿರುವವರಿಗಿಂತ ಹೆಚ್ಚು ಪೋರ್ಟೊ ರಿಕೊ ಮೂಲದವರು ಈಗ ಅಮೆರಿಕದ ರಾಜ್ಯಗಳಲ್ಲಿದ್ದಾರೆ. ಭಾಷೆಯನ್ನೇ ಹೊಸ್ತಿಲಾಗಿಸಿದರೆ ಆ ಜನ ತನ್ನ ಅರ್ಧಭಾಗವನ್ನೇ ಹೊರಗಿಟ್ಟಂತಾಗುತ್ತದೆ. ಫ್ರೆಂಚ್ ತತ್ತ್ವಜ್ಞಾನಿ ಸಿಮೋನ್ ವೇಯ್ 1943ರಲ್ಲಿ ಲಂಡನ್‌ನಲ್ಲಿ ಬರೆದ, ಬೇರೂರುವಿಕೆಯ ಅಗತ್ಯವನ್ನು ಕುರಿತ ತಮ್ಮ ಗ್ರಂಥದಲ್ಲಿ, ಹಕ್ಕಿಗಿಂತ ಹೊಣೆ ಮೊದಲು, ಒಬ್ಬರ ಹಕ್ಕು ಫಲಿಸುವುದು ಇನ್ನೊಬ್ಬರು ತಮ್ಮ ಹೊಣೆಯನ್ನು ಗುರುತಿಸಿದಾಗ ಎಂಬ ವಿಚಾರವನ್ನು ಪ್ರತಿಪಾದಿಸಿದ್ದಾರೆ. ಮಗಳು ಋಣವನ್ನು ಒಪ್ಪಿ ಬಂದ ಮೇಲೆ ಆಕೆಯನ್ನು ತಮ್ಮವಳೆಂದು ಬರಮಾಡಿಕೊಳ್ಳುವ ಹೊಣೆ ದ್ವೀಪದ ಪಾಲಿಗೆ ಬರುತ್ತದೆ. ಟೋಕಿಯೊದ ಪದಕವೇದಿಕೆಯ ಮೇಲೆ ದ್ವೀಪದ ಹೂವಾದ ಮಾಗಾವನ್ನು ಮುಡಿದು ನಿಂತ ಆಕೆಯನ್ನು ಕಂಡು ದ್ವೀಪದ ಬಹುಜನರು ಆ ಹೊಣೆಯನ್ನು ಮನಸಾರೆ ಹೊತ್ತರು. ಆದರೆ ಗೆದ್ದವರನ್ನು ಬರಮಾಡಿಕೊಳ್ಳುವುದು ಕಷ್ಟದ ಕೆಲಸವಲ್ಲ. ರಿಯೊದಲ್ಲಿ ಮುಗ್ಗರಿಸಿ ಅತ್ತ ಹತ್ತೊಂಬತ್ತರ ಹುಡುಗಿಯೂ ದ್ವೀಪದ ಮಗಳೇ ಆಗಿದ್ದಳು. ರೆನಾನನು ಹೇಳಿದ ಕಷ್ಟದ ನೆನಪು ಆಕೆಗೂ ದ್ವೀಪಕ್ಕೂ ನಡುವೆ ಹುಟ್ಟಿದ್ದು ಆ ಸಂಜೆಯೇ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಅಮೆರಿಕದ ಹರ್ಡಲ್ಸ್ ತಂಡದಲ್ಲಿ ಜಾಗ ಪಡೆಯುವುದು ಬಹಳ ಕಠಿಣ. ಒಂದು ಸ್ಪರ್ಧೆಗೆ ಒಂದು ದೇಶದಿಂದ ಮೂವರಿಗಷ್ಟೇ ಅವಕಾಶ. ಹ್ಯಾರಿಸನ್ ಅವರೇ 2016ರ ಜುಲೈನಲ್ಲಿ ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ಆರನೆಯವರಾಗಿ ಒಲಿಂಪಿಕ್ಸ್ ಕಳೆದುಕೊಂಡು, ಅದೇ ತಿಂಗಳು ಲಂಡನ್‌ನಲ್ಲಿ 12.20 ಸೆಕೆಂಡುಗಳ ವಿಶ್ವದಾಖಲೆ ಬರೆದರು. ಹೀಗಿರುವಾಗ ಹಿರಿಯರ ನಾಡಿನ ಪ್ರೀತಿಯೆಂಬುದು ಸುಲಭದ ದಾರಿಗೆ ಹೊದಿಸಿದ ಶಾಲಲ್ಲವೇ ಎಂದು ಕೇಳಬಹುದು. 2021ರ ಮಟ್ಟಿಗೆ ಈ ಆಕ್ಷೇಪ ನಿಲ್ಲುವುದಿಲ್ಲ, ಆ ವರ್ಷದ ಫೈನಲ್‌ನಲ್ಲಿ ಅಮೆರಿಕದವರು ಯಾರೂ ಆಕೆಯನ್ನು ಮೀರಲಿಲ್ಲ. 2016ರ ಮಟ್ಟಿಗೆ ಅನುಕೂಲದ ಎಳೆಯೂ ಸೇರಿತ್ತೆಂದೇ ಇಟ್ಟುಕೊಂಡರೂ ಅದರಿಂದ ಋಣ ಸುಳ್ಳಾಗುವುದಿಲ್ಲ. ಉದ್ದೇಶ ಪೂರ್ತಿ ಶುದ್ಧವಾಗಿದ್ದರೆ ಮಾತ್ರ ಸಂಬಂಧ ನಿಜವೆನ್ನುವುದಾದರೆ ಲೋಕದ ಯಾವ ಮದುವೆಯೂ ಯಾವ ಸ್ನೇಹವೂ ನಿಲ್ಲಲಾರದು. ಸಂಬಂಧದ ಸತ್ಯ ಅದರ ಆರಂಭದಲ್ಲಿರುವುದಕ್ಕಿಂತ ಹೆಚ್ಚಾಗಿ ಅದು ಬಾಳಿದ ರೀತಿಯಲ್ಲಿರುತ್ತದೆ. ತೆರುವ ಬೆಲೆಯೂ ಎಲ್ಲರಿಗೂ ಒಂದೇ ಅಲ್ಲ. ಭಾರತವು ದ್ವಿಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ, ಗುಜರಾತಿ ಮೂಲದ ತಂದೆಗೂ ಜಪಾನಿ ತಾಯಿಗೂ ಹುಟ್ಟಿದ ಫುಟ್‌ಬಾಲ್ ಆಟಗಾರ ಇಜುಮಿ ಅರಾಟಾ ಭಾರತಕ್ಕಾಗಿ ಆಡಲು ಜಪಾನಿನ ಪೌರತ್ವವನ್ನೇ ತೊರೆಯಬೇಕಾಯಿತು. ಕಮಾಚೊ-ಕ್ವಿನ್ ಅವರಿಗೆ ಅಂಥ ತ್ಯಾಗದ ಪ್ರಸಂಗ ಬರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು, ಆದರೆ ಬೆಲೆ ಕಡಿಮೆಯಾದ ಮಾತ್ರಕ್ಕೆ ಋಣ ಹಗುರವೆಂದು ಹೇಳಲಾಗದು.

ಋಣವನ್ನು ಹೊತ್ತವರೇ ಗುರುತಿಸಬೇಕು, ಬೇರೆಯವರು ವಸೂಲಿ ಮಾಡುವಂತಿಲ್ಲ ಎಂಬ ಈ ನಿಲುವಿಗೆ ನಿಜವಾದ ಪರೀಕ್ಷೆ ಕಮಾಚೊ-ಕ್ವಿನ್ ಅವರದಲ್ಲ, ಜೀಜಿ ಫೆರ್ನಾಂಡಿಸ್ ಅವರದು. ದ್ವೀಪದ ರಾಜಧಾನಿ ಸಾನ್ ಹ್ವಾನ್‌ನಲ್ಲಿ ಹುಟ್ಟಿ ಬೆಳೆದ ಈ ಟೆನಿಸ್ ಆಟಗಾರ್ತಿ 1992ರ ಬಾರ್ಸಿಲೋನಾ ಮತ್ತು 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗಳಲ್ಲಿ ಮಹಿಳೆಯರ ಡಬಲ್ಸ್ ಚಿನ್ನ ಗೆದ್ದದ್ದು ಅಮೆರಿಕಕ್ಕಾಗಿ. ಪದಕ ಗೆಲ್ಲಬಲ್ಲ ಜೊತೆಗಾರ್ತಿ ದ್ವೀಪದಲ್ಲಿ ಇರಲಿಲ್ಲವೆಂಬುದು ಆ ನಿರ್ಧಾರದ ಹಿಂದಿದ್ದ ಕಾರಣಗಳಲ್ಲೊಂದು. ಅದಕ್ಕಾಗಿ ಆಕೆ ತವರಿನಲ್ಲಿ ಕಟುವಾದ ಮಾತುಗಳನ್ನು ಕೇಳಬೇಕಾಯಿತು, 2016ರಲ್ಲಿ ಪ್ವಿಗ್ ಚಿನ್ನ ಗೆದ್ದಾಗ ಪೋರ್ಟೊ ರಿಕೊದ ಮೊದಲ ಚಿನ್ನ ಯಾರದೆಂಬ ಚರ್ಚೆಯಲ್ಲಿ ಹಳೆಯ ಗಾಯ ಮತ್ತೆ ತೆರೆಯಿತು. ದ್ವೀಪದ ಒಲಿಂಪಿಕ್ ಪಟ್ಟಿಯಲ್ಲಿ ಮೊದಲ ಚಿನ್ನ ಪ್ವಿಗ್ ಅವರದೆಂದೇ ಇದೆ, ಇರಬೇಕಾದದ್ದೂ ಹಾಗೆಯೇ. ಆದರೆ ಆ ಪಟ್ಟಿಯ ಲೆಕ್ಕವನ್ನು ಸಾನ್ ಹ್ವಾನ್‌ನಲ್ಲೇ ರಾಕೆಟ್ ಹಿಡಿಯಲು ಕಲಿತ ಹೆಣ್ಣುಮಗಳ ಮೇಲೆ ತೀರ್ಪಾಗಿ ಹೊರಿಸಿ, ಆಕೆ ದ್ವೀಪದವಳೇ ಅಲ್ಲವೆನ್ನುವುದು ಕೃಪನ ಪ್ರಶ್ನೆಯನ್ನೇ ಮಗ್ಗುಲು ಬದಲಿಸಿ ಕೇಳಿದಂತೆ.